ಮಳೆಗಾಲದಲ್ಲಿ ಸಂಪಾಜೆ ಘಾಟಿ: ಕಾರು ಬದಲಿಸಬೇಕಾ? ಓಡಿಸಿದವರು ಹೇಳಿ

ಮಡಿಕೇರಿಯಿಂದ: ಮಗಳಿಗೆ ಮಂಗಳೂರಲ್ಲಿ ಸೀಟು ಸಿಕ್ಕಿದೆ. ಜೂನ್‌ನಿಂದ ಹದಿನೈದು ದಿನಕ್ಕೊಮ್ಮೆ ಸಂಪಾಜೆ ಘಾಟಿ ಇಳಿದು ಹೋಗಿ ಬರಬೇಕು. ನನ್ನದು 11 ವರ್ಷದ ಸಣ್ಣ ಕಾರು. ಇದರಲ್ಲೇ ಸಾಕಾ, ಸಾಲ ಮಾಡಿ ಎತ್ತರದ ಗಾಡಿ ತಗೊಳ್ಳಲಾ?

ನಾಪೋಕ್ಲು: ಎತ್ತರದ್ದೇ ತಗೊಳ್ಳಿ ಸರ್. ನಾನು ಸೆಕೆಂಡ್ ಹ್ಯಾಂಡ್ ಜೀಪ್ ತಗೊಂಡೆ, 4 ಲಕ್ಷ 60 ಸಾವಿರ. ಎರಡೇ ತಿಂಗಳಿಗೆ ಕ್ಲಚ್ ಪ್ಲೇಟ್ ಹೋಯಿತು, 14,500. ನಾಲ್ಕು ಟೈರ್‌ಗೆ 28,000. ಮೈಲೇಜ್ 11 ದಾಟುವುದಿಲ್ಲ. ಮನೆಯಲ್ಲಿ ಆರು ತಿಂಗಳು ಬೈಸಿಕೊಂಡೆ. ಆದರೂ ಮಳೆಯಲ್ಲಿ ಗುಂಡಿ ಎಲ್ಲಿ, ರಸ್ತೆ ಎಲ್ಲಿ ಅಂತ ಗೊತ್ತಾಗದಾಗ ತಳ ತಾಗುವ ಭಯ ಇಲ್ಲ. ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಸುಂಟಿಕೊಪ್ಪ: ನಾನೂ ಹೀಗೇ ನಂಬಿ ದೊಡ್ಡ ಗಾಡಿ ತಗೊಂಡವನು. ಮಡಿಕೇರಿಯಿಂದ ಇಳಿಯುವಾಗ ಮಂಜು, ನಾಲ್ಕನೇ ಗೇರ್, ಕಾಲು ಬ್ರೇಕ್ ಮೇಲೇ. ಮದೆನಾಡು ದಾಟಿದ ಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕ್ ಹಿಡಿಯಲೇ ಇಲ್ಲ. ಗುಡ್ಡದ ಕಡೆ ಚರಂಡಿಗೆ ಇಳಿಸಿ ಬದುಕಿದೆವು. ಹಿಂದೆ ಅಮ್ಮ ಕೂತಿದ್ದರು. ಕ್ರೇನ್‌ಗೆ 6,000, ಬಂಪರ್ 11,400, ಮುಂದಿನ ಆಕ್ಸಲ್ ಸೇರಿ ಒಟ್ಟು 63 ಸಾವಿರ. ಇನ್ಶೂರೆನ್ಸ್‌ನವರು ಅರ್ಧವೂ ಕೊಡಲಿಲ್ಲ. ಗಾಡಿ ನಷ್ಟಕ್ಕೆ ಮಾರಿದೆ. ಈಗ ಹಳೇ ಸಣ್ಣ ಕಾರಲ್ಲೇ, ಸೆಕೆಂಡ್ ಗೇರ್‌ನಲ್ಲಿ ಇಳಿಯುತ್ತೇನೆ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ನಾಪೋಕ್ಲು: ಗೇರ್ ಇಳಿಸಲು ಮರೆತು ಗಾಡಿಯನ್ನು ದೂರಿದರೆ ಹೇಗೆ?

ಸುಂಟಿಕೊಪ್ಪ: ಗಾಡಿಯನ್ನು ದೂರಿಲ್ಲ. ಮೊದಲು ಸರಿಯಾಗಿ ಓದಿ. ದೊಡ್ಡ ಗಾಡಿ ಕೊಟ್ಟ ಧೈರ್ಯದಿಂದ ನಾನು ಕೆಟ್ಟೆ, ಅಷ್ಟೇ ಹೇಳಿದ್ದು.

ಸಂಪಾಜೆ: ಗಾಡಿ ಯಾವುದಾದರೇನು ಮಾರಾಯ್ರೆ, ಗುಡ್ಡವೇ ಬಂದರೆ? 2018ರ ಆಗಸ್ಟ್‌ನಲ್ಲಿ ಇದೇ ಘಾಟಿಯ ಜೋಡುಪಾಲದಲ್ಲಿ ಮಣ್ಣು, ಮರ, ಮನೆ ಎಲ್ಲಾ ಒಟ್ಟಿಗೆ ಬಂತು. ರಸ್ತೆ ಬಂದ್. ಮಡಿಕೇರಿಗೆ ಹೋಗಬೇಕಾದರೆ ಪಾಣತ್ತೂರು, ಕರಿಕೆ, ಭಾಗಮಂಡಲ ಅಂತ ಸುತ್ತಿ ಹೋಗಬೇಕಿತ್ತು. ಪಿಕಪ್‌ನಲ್ಲಿ ಅಡಿಕೆ ಹಾಕಿಕೊಂಡು ಆ ಸಪೂರ ರಸ್ತೆಯಲ್ಲಿ ಐದು ಸಲ ಹೋದೆ. ಡೀಸೆಲ್‌ಗೇ ಲಾಭ ಎಲ್ಲಾ ಹೋಯಿತು, ಸಸ್ಪೆನ್ಶನ್‌ನ ಎರಡು ಲೀಫ್ ಪ್ಲೇಟ್ ಮುರಿಯಿತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆ ಹಾಗೆ ನೇರ ಕಡಿಯುತ್ತಾರೆ, ನೀರು ಹೋಗಲು ದಾರಿ ಬಿಡುವುದಿಲ್ಲ. ಮೋರಿ ಕಟ್ಟಿಕೊಂಡರೆ ನೀರು ಮಣ್ಣಿನೊಳಗೇ ಇಳಿಯುತ್ತದೆ. ಮೇ ತಿಂಗಳಲ್ಲೇ ಚರಂಡಿ ತೆಗೆಯಿರಿ ಅಂತ ಎಷ್ಟು ಅರ್ಜಿ ಕೊಟ್ಟೆವು!

ಕುಶಾಲನಗರ, ಟ್ಯಾಕ್ಸಿ: ಗುಡ್ಡ ಯಾವಾಗಲೋ ಒಮ್ಮೆ ಬರುತ್ತದೆ, ವೀಕೆಂಡ್ ವಾರವಾರ ಬರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆ ಆದ ಮೇಲೆ ಶನಿವಾರ ಸಾಲು ನೋಡಬೇಕು. ಅಲ್ಲಿನ ಸ್ಪೀಡ್ ಇಲ್ಲಿಗೂ ತರುತ್ತಾರೆ. ಹೆಡ್‌ಲೈಟ್ ಹೈ ಬೀಮ್‌ನಿಂದ ಇಳಿಸುವುದಿಲ್ಲ, ತಿರುವಿನಲ್ಲೇ ಓವರ್‌ಟೇಕ್. ಸಪೂರ ಘಾಟಿಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಯಾರು ಬಿಡುತ್ತಾರೆ? ನನ್ನ ಸೈಡ್ ಮಿರರ್ ಮೂರು ಸಲ ಹೋಗಿದೆ. ಒಂದಕ್ಕೆ 3,200.

ಮಡಿಕೇರಿ, ಹೋಂಸ್ಟೇ: ಆ ಪ್ರವಾಸಿಗರೇ ನಿಮಗೂ ಬಾಡಿಗೆ ಕೊಡುವುದಲ್ವಾ? ಸುಮ್ನೆ ಎಲ್ಲರನ್ನೂ ಬೈಯಬೇಡಿ. ಮೈಸೂರು–ಕುಶಾಲನಗರ 92 ಕಿ.ಮೀ. ನಾಲ್ಕು ಪಥಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದು ಬೇಗ ಆಗಬೇಕು. ನಮ್ಮ ಮಾವನಿಗೆ ಎದೆನೋವು ಬಂದಾಗ ಮೈಸೂರಿಗೆ ಆಂಬುಲೆನ್ಸ್‌ನಲ್ಲಿ ಹೋದ ರಾತ್ರಿ ನನಗೆ ಮಾತ್ರ ಗೊತ್ತು.

ಟ್ಯಾಕ್ಸಿ: ಆಂಬುಲೆನ್ಸ್ ವಿಷಯಕ್ಕೆ ನನ್ನ ವಿರೋಧ ಇಲ್ಲ ಅಕ್ಕ. ಆದರೆ ನಿಮ್ಮ ಗೆಸ್ಟ್‌ಗಳಿಗೆ ಡಿಮ್ ಮಾಡಿ ಅಂತ ಒಂದು ಮಾತು ಹೇಳಿ.

ಮಡಿಕೇರಿಯಿಂದ: ನನ್ನ ಕಾರಿನ ವಿಷಯ?

ಸುಂಟಿಕೊಪ್ಪ: ಸಾಲ ಬೇಡ ಅಣ್ಣ. ಬ್ರೇಕ್ ಪ್ಯಾಡ್, ಟೈರ್, ವೈಪರ್ ಹೊಸದು ಹಾಕಿಸಿ. ಬೆಳಿಗ್ಗೆ ಮಂಜು ಬಿಟ್ಟ ಮೇಲೆ ಹೊರಡಿ. ಜೋರು ಮಳೆ ಇದ್ದ ದಿನ ಮಗಳು ಹಾಸ್ಟೆಲ್‌ನಲ್ಲೇ ಇರಲಿ.

ನಾಪೋಕ್ಲು: ಆದರೂ ಜೀಪ್ ಒಮ್ಮೆ ಓಡಿಸಿ ನೋಡಿ ಸರ್. ನಮ್ಮ ಮನೆಗೆ ಬನ್ನಿ, ಕೀ ಕೊಡುತ್ತೇನೆ.