ಪದಚರ್ಚೆ: ಕಾರ್ಖಾನೆಯ ‘ವೇಸ್ಟ್’ ತ್ಯಾಜ್ಯವೋ, ಪೋಲೋ? (ಜೊತೆಗೆ ಲೀನ್, ಸುಸ್ಥಿರ)

ಗೆಳೆಯರೇ,

ಕಾರ್ಖಾನೆ ಕೆಲಸಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಭಾಗ ಲೀನ್ ವಿಧಾನಗಳ ಬಗ್ಗೆ, ಅಂದರೆ ಫಲ ಕೊಡದ ಕೆಲಸ, ಕಾಯುವಿಕೆ, ದಾಸ್ತಾನು ತಗ್ಗಿಸಿ ಉತ್ಪಾದಿಸುವ ರೀತಿಗಳ ಬಗ್ಗೆ. ಇನ್ನರ್ಧ ಸುಸ್ಥಿರ (ಸಸ್ಟೇನಬಲ್) ವ್ಯವಹಾರ ಮಾದರಿಗಳ ಬಗ್ಗೆ. ನಡುದಾರಿಯಲ್ಲಿ ನಿಂತುಬಿಟ್ಟಿದ್ದೇನೆ. ನನ್ನನ್ನು ತಡೆದದ್ದು ದೊಡ್ಡ ಪಾರಿಭಾಷಿಕ ಪದವೇನಲ್ಲ, ದಿನಾ ಬಾಯಲ್ಲಿ ಓಡಾಡುವ ‘ವೇಸ್ಟ್’.

ಮೊದಲ ಕರಡಿನಲ್ಲಿ ಎಲ್ಲ ಕಡೆ ‘ತ್ಯಾಜ್ಯ’ ಎಂದು ಬರೆದಿದ್ದೆ. ಏಳು ಬಗೆಯ ತ್ಯಾಜ್ಯ, ತ್ಯಾಜ್ಯ ಗುರುತಿಸುವುದು, ತ್ಯಾಜ್ಯ ನಿವಾರಣೆ. ನಿಘಂಟು ನೋಡಿದರೆ ತಪ್ಪೇನಿಲ್ಲ. ಆದರೂ ಓದುವವರ ಮುಂದೆ ಒಮ್ಮೆ ಇಟ್ಟು ನೋಡೋಣ ಎಂದು ಹಾಳೆ ಹಿಡಿದು ಯಂತ್ರಗಳ ಹತ್ತಿರ ಹೋದೆ. ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಅಣ್ಣ, ಈ ಜಾಗದಲ್ಲಿ ಏನೇನು ತ್ಯಾಜ್ಯ ಇದೆ?” ಅವರು ಲೇತಿನ ಕೆಳಗಿದ್ದ ತಟ್ಟೆ ತೋರಿಸಿದರು. ಅದರ ತುಂಬ ಕಬ್ಬಿಣದ ಸುರುಳಿ ಚೂರು. ಪಕ್ಕದಲ್ಲಿ ಎಣ್ಣೆ ಒರೆಸಿ ಎಸೆದ ಬಟ್ಟೆ. “ದಿನಾ ಸಂಜೆ ತೆಗೆದು ಹಾಕ್ತೀವಿ ಸರ್” ಅಂದರು.

ಆಮೇಲೆ ಪದ ಬದಲಿಸಿ ಕೇಳಿದೆ: “ಇಲ್ಲಿ ಏನೇನು ದಂಡ ಆಗ್ತಿದೆ?”

ಈ ಸಲ ಅವರು ಯೋಚಿಸಲೇ ಇಲ್ಲ. “ಸ್ಪ್ಯಾನರ್ ಆ ಮೂಲೆ ಬೀರುನಲ್ಲಿದೆ, ಪ್ರತಿ ಸಲ ಹೋಗಿ ಬರೋದೇ ದಂಡ. ಡ್ರಾಯಿಂಗ್ ಬರೋ ತನಕ ಸುಮ್ನೆ ಕೂತಿರೋದು ದಂಡ. ನೂರು ಕೇಳಿದ್ರೆ ನೂರಿಪ್ಪತ್ತು ಮಾಡಿಡ್ತೀವಿ. ಆ ಇಪ್ಪತ್ತು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತೆ, ಅದೂ ದಂಡ ಅಲ್ವಾ?”

ಲೀನ್ ವಿಧಾನಕ್ಕೆ ಮೂಲವಾದ ಜಪಾನಿನ ಕಾರು ಕಂಪನಿ ಟೊಯೋಟದ ತೈಇಚಿ ಓನೊ ಏಳು ಬಗೆಯ ವೇಸ್ಟ್ ಹೇಳಿದ್ದರು. ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದು, ಕಾಯುವುದು, ಸಾಗಿಸುವುದು, ಬೇಡದ ಸಂಸ್ಕರಣೆ, ದಾಸ್ತಾನು, ಮೈಕೈಯ ಬೇಡದ ಓಡಾಟ, ಕೆಟ್ಟ ಮಾಲು. ಈ ಪಟ್ಟಿಯ ಹೆಸರೂ ಕೇಳದ ಮನುಷ್ಯ ಒಂದೇ ಉಸಿರಿಗೆ ಅದರಲ್ಲಿ ನಾಲ್ಕು ಹೇಳಿದರು. ಅವರಿಗೆ ವಿಷಯ ಗೊತ್ತಿತ್ತು. ನಾನು ಕೊಟ್ಟ ಪದ ಆ ತಿಳಿವಳಿಕೆಗೆ ಅಡ್ಡ ನಿಂತಿತ್ತು.

ಈಗ ನನಗನ್ನಿಸುವುದು ಇಷ್ಟು. ಇಂಗ್ಲಿಷಿನ ಒಂದು ‘ವೇಸ್ಟ್’ಗೆ ಕನ್ನಡದಲ್ಲಿ ಎರಡು ಬೇರೆ ಬೇರೆ ಪದಗಳಿವೆ. ಕಣ್ಣಿಗೆ ಕಾಣುವ, ಬುಟ್ಟಿಗೆ ಹಾಕುವ ವಸ್ತು ಕಸ ಅಥವಾ ತ್ಯಾಜ್ಯ. ಹೊತ್ತು, ದುಡಿಮೆ, ಹಣ, ನೀರು, ಕರೆಂಟು ಫಲವಿಲ್ಲದೆ ಸೋರಿಹೋಗುವುದು ಪೋಲು, ದಂಡ ಅಥವಾ ವ್ಯರ್ಥ. ‘ಹೊತ್ತು ತ್ಯಾಜ್ಯವಾಯಿತು’ ಎಂದು ಯಾರೂ ಹೇಳುವುದಿಲ್ಲ. ಲೀನ್ ಮಾತಾಡುವುದು ಹೆಚ್ಚಾಗಿ ಎರಡನೆಯದರ ಬಗ್ಗೆ. ಪರಿಸರದವರು ಮಾತಾಡುವುದು ಹೆಚ್ಚಾಗಿ ಮೊದಲನೆಯದರ ಬಗ್ಗೆ.

ಇದನ್ನು ಪದದ ಚೊಕ್ಕತನಕ್ಕಾಗಿ ಮಾತ್ರ ಹೇಳುತ್ತಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ‘ಲೀನ್ ಮಾಡಿದರೆ ಪರಿಸರಕ್ಕೂ ಒಳ್ಳೆಯದಾಯಿತು’ ಎಂಬ ಅನಿಸಿಕೆ ಸುಲಭವಾಗಿ ಬರುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಕೆಟ್ಟ ಮಾಲು ಕಡಿಮೆಯಾದರೆ ಕಚ್ಚಾ ವಸ್ತು ಉಳಿಯುತ್ತದೆ, ಗುಜರಿಗೆ ಹೋಗುವುದೂ ಕಡಿಮೆಯಾಗುತ್ತದೆ. ಆದರೆ ಯಾವಾಗಲೂ ಹಾಗಲ್ಲ. ದಾಸ್ತಾನು ಇಳಿಸಲು ಬಿಡಿಭಾಗಗಳನ್ನು ಸ್ವಲ್ಪ ಸ್ವಲ್ಪವೇ, ಪದೇ ಪದೇ ತರಿಸಿದರೆ ಲಾರಿಯ ಓಡಾಟ ಜಾಸ್ತಿ, ಹೊಗೆಯೂ ಜಾಸ್ತಿ. ಬಣ್ಣ ಹೊಡೆಯುವ ವಿಭಾಗದಲ್ಲಿ ಒಂದೇ ಬಣ್ಣದ ದೊಡ್ಡ ಸರದಿ ಬಿಟ್ಟು ಚಿಕ್ಕ ಚಿಕ್ಕ ಸರದಿಗೆ ಇಳಿದರೆ ಕಾಯುವಿಕೆ ಕಡಿಮೆಯಾಗುತ್ತದೆ. ಆದರೆ ಬಣ್ಣ ಬದಲಿಸಿದಾಗಲೆಲ್ಲ ಗನ್ನು, ಪೈಪು ತೊಳೆಯಬೇಕು, ಆ ದ್ರಾವಕ ಚೆಲ್ಲಬೇಕು. ಇಲ್ಲಿ ಪೋಲು ಇಳಿಯಿತು, ತ್ಯಾಜ್ಯ ಏರಿತು. ಈ ವಾಕ್ಯವನ್ನು ಕನ್ನಡದಲ್ಲಿ ನಾಲ್ಕು ಪದದಲ್ಲಿ ಹೇಳಿಬಿಡಬಹುದು. ಎರಡಕ್ಕೂ ತ್ಯಾಜ್ಯ ಎಂದೇ ಬರೆಯುತ್ತಾ ಹೋದರೆ ನಮ್ಮ ಭಾಷೆ ತಾನಾಗಿ ಕೊಟ್ಟ ಈ ಅನುಕೂಲವನ್ನು ನಾವೇ ಕಳೆದುಕೊಳ್ಳುತ್ತೇವೆ. ನನಗೆ ಸಂಕಟ ಆಗುವುದು ಇದಕ್ಕೆ.

ಹಾಗಾದರೆ ಪೋಲೋ, ದಂಡವೋ, ವ್ಯರ್ಥವೋ?

ಮಾತಿನಲ್ಲಿ ದಂಡ ಗೆಲ್ಲುತ್ತದೆ, ಅದನ್ನು ಕಣ್ಣಾರೆ ಕಂಡೆ. ಬರಹದಲ್ಲಿ ಅದು ತೊಡಕು. ಗೋಡೆಯ ಮೇಲೆ ‘ಏಳು ದಂಡಗಳು’ ಎಂದು ಬರೆದರೆ ಕೆಲಸಗಾರರು ಓದುವುದು ಜುಲ್ಮಾನೆ ಎಂದೇ. ವ್ಯರ್ಥ ಚೆನ್ನಾಗಿದೆ. ಜಪಾನಿನಲ್ಲಿ ಇದಕ್ಕೆ ‘ಮುದ’ ಎನ್ನುತ್ತಾರೆ. ಅದನ್ನು ಬರೆಯುವ ಮೊದಲ ಅಕ್ಷರಕ್ಕೆ ‘ಇಲ್ಲ’ ಎಂದೇ ಅರ್ಥ. ವ್ಯರ್ಥದಲ್ಲೂ ಅರ್ಥ ಇಲ್ಲದ್ದು ಎಂಬ ಅದೇ ಕಟ್ಟು ಇದೆ. (ಮುದ ಎಂದೇ ಕನ್ನಡದಲ್ಲಿ ಬರೆಯುವಂತಿಲ್ಲ, ನಮಗದು ಸಂತೋಷ.) ಆದರೆ ವ್ಯರ್ಥ ಅನ್ನುವಾಗ ಎಲ್ಲ ಮುಗಿದುಹೋದ ಮೇಲಿನ ಬೇಸರ ಕೇಳಿಸುತ್ತದೆ. ಪೋಲು ಅಂದರೆ ಈಗಲೂ ನಲ್ಲಿ ತಿರುಗಿಸಿ ನಿಲ್ಲಿಸಬಹುದು. ದುಂದು ಬೇಡ, ಅದು ಮನುಷ್ಯನ ಸ್ವಭಾವದ ಮೇಲೆ ಹೋಗುತ್ತದೆ. ನಷ್ಟ ಲೆಕ್ಕದ ಪುಸ್ತಕಕ್ಕೆ ಇರಲಿ.

ಪೋಲು ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ‘ಪೋಲು ಮಾಡು’ ಎಂದೂ ಹೇಳಬಹುದು, ‘ಪೋಲಾಗು’ ಎಂದೂ ಹೇಳಬಹುದು. ಮೊದಲನೆಯದರಲ್ಲಿ ಒಬ್ಬ ತಪ್ಪಿತಸ್ಥ ಇದ್ದಾನೆ, ಎರಡನೆಯದರಲ್ಲಿ ಇಲ್ಲ. ಲೀನ್ ವಿಚಾರದ ಬೇರು ಇಲ್ಲೇ ಇದೆ. ಸ್ಪ್ಯಾನರ್ ತರಲು ನಡೆಯುವವನು ಹೊತ್ತು ಪೋಲು ಮಾಡುತ್ತಿಲ್ಲ. ಬೀರು ದೂರ ಇಟ್ಟಿದ್ದರಿಂದ ಅವನ ಹೊತ್ತು ಪೋಲಾಗುತ್ತಿದೆ. ಕೈಪಿಡಿಯಲ್ಲಿ ಎಲ್ಲೆಲ್ಲೂ ‘ಪೋಲಾಗು’ ರೂಪವನ್ನೇ ಬಳಸಬೇಕು ಎಂದು ನನ್ನ ಹಟ.

ಪದದಿಂದ ಮನಸ್ಸಿಗೆ ನೋವಾಗಬಹುದು ಎನ್ನುವುದನ್ನು ಜಪಾನಿನವರೂ ಕಂಡುಕೊಂಡಿದ್ದರು. ಶಿಗೆಒ ಶಿಂಗೊ ಎಂಬ ಎಂಜಿನಿಯರ್ 1960ರ ದಶಕದ ಆರಂಭದಲ್ಲಿ, ಕೈತಪ್ಪು ಆಗದಂತೆ ಕೆಲಸವನ್ನೇ ಜೋಡಿಸುವ ಉಪಾಯಗಳನ್ನು ಹೇಳಿಕೊಡುತ್ತಿದ್ದರು. ಒಂದು ಕಡೆ ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗ್ ಕೂರಿಸಬೇಕಿತ್ತು, ಆಗಾಗ ಒಂದು ಮರೆತುಹೋಗುತ್ತಿತ್ತು. ಡಬ್ಬಿಯಿಂದ ನೇರ ತೆಗೆದು ಹಾಕುವ ಬದಲು, ಮೊದಲು ಎರಡು ಸ್ಪ್ರಿಂಗನ್ನು ಒಂದು ಪುಟ್ಟ ತಟ್ಟೆಗೆ ಹಾಕಿಕೊಳ್ಳಿ ಎಂದರು ಶಿಂಗೊ. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಆಗಲೇ ಗೊತ್ತಾಗುತ್ತದೆ. ಇಂಥ ಉಪಾಯಕ್ಕೆ ಮೊದಲು ‘ಬಾಕಾ ಯೋಕೆ’ ಎಂಬ ಹೆಸರಿತ್ತು. ಬಾಕಾ ಅಂದರೆ ದಡ್ಡ. ಒಂದು ಕಾರ್ಖಾನೆಯಲ್ಲಿ ಆ ಹೆಸರು ಕೇಳಿದ ಕೆಲಸಗಾರ ಮಹಿಳೆ ‘ನಾನು ಅಷ್ಟು ದಡ್ಡಿಯಾ’ ಎಂದು ಅತ್ತುಬಿಟ್ಟರಂತೆ. ಆಮೇಲೆ ಶಿಂಗೊ ಅದನ್ನು ‘ಪೋಕಾ ಯೋಕೆ’ ಎಂದು ಬದಲಿಸಿದರು. ಪೋಕಾ ಅಂದರೆ ಯಾರಿಗಾದರೂ ಆಗಬಹುದಾದ ಸಣ್ಣ ತಪ್ಪು. ಇದಕ್ಕೆ ನಾನು ‘ತಪ್ಪುತಡೆ’ ಎಂದು ಬರೆದಿದ್ದೇನೆ. ಅದರಲ್ಲಿ ಮನುಷ್ಯನ ಸುದ್ದಿಯೇ ಇಲ್ಲ. ಇದಕ್ಕಿಂತ ಒಳ್ಳೆಯದು ತೋಚಿದರೆ ಹೇಳಿ.

ಮುದದ ಜೊತೆಗೆ ‘ಮುರ’, ‘ಮುರಿ’ ಎಂಬ ಇನ್ನೆರಡು ಜಪಾನಿ ಪದ ಬರುತ್ತವೆ. ಇವು ಅಷ್ಟು ಕಷ್ಟ ಕೊಡಲಿಲ್ಲ. ಮುರಕ್ಕೆ ‘ಏರುಪೇರು’ ಹೇಳಿ ಮಾಡಿಸಿದಂತಿದೆ. ಮುರಿಗೆ ‘ಮೀರಿದ ಹೊರೆ’ ಎಂದಿಟ್ಟಿದ್ದೇನೆ. 6 ಟನ್ ಮಾಲು, 3 ಟನ್ ಹೊರುವ ಲಾರಿ ಎಂದುಕೊಳ್ಳಿ. ಆರನ್ನೂ ಒಂದೇ ಸಲ ಹೇರಿದರೆ ಮೀರಿದ ಹೊರೆ. ಒಮ್ಮೆ 4, ಇನ್ನೊಮ್ಮೆ 2 ಅಂದರೆ ಏರುಪೇರು. ಎರಡೆರಡು ಟನ್ನಿನಂತೆ ಮೂರು ಸಲ ಹೋದರೆ ಒಂದು ಓಡಾಟ ಪೋಲು. ಮೂರು ಮೂರರಂತೆ ಎರಡು ಸಲ ಹೋದರೆ ಸರಿ.

ಇನ್ನು ‘ಲೀನ್’. ಇಲ್ಲಿ ನಿಮ್ಮ ಸಹಾಯ ನಿಜಕ್ಕೂ ಬೇಕು. ಈ ಹೆಸರು ಜಪಾನಿನದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧನಾ ತಂಡದಲ್ಲಿದ್ದ ಜಾನ್ ಕ್ರಾಫ್ಚಿಕ್ 1988ರ ಒಂದು ಲೇಖನದಲ್ಲಿ ಟೊಯೋಟದ ರೀತಿಗೆ ಇಟ್ಟ ಹೆಸರು. ಅವರು ಅದಕ್ಕೂ ಮುಂಚೆ ಇದನ್ನು ‘ಫ್ರಾಜೈಲ್’ ಎಂದು ಕರೆಯುತ್ತಿದ್ದರು. ಸುಲಭವಾಗಿ ಒಡೆಯುವಂಥದ್ದು ಎಂದು ಅರ್ಥ. ಹೆಚ್ಚುವರಿ ದಾಸ್ತಾನಿನ ಆಸರೆ ಇಲ್ಲ, ಒಂದು ಕಡೆ ತೊಡಕಾದರೆ ಎಲ್ಲವೂ ನಿಲ್ಲುತ್ತದೆ, ಅದಕ್ಕೇ ಆ ಹೆಸರು. ಅದು ಕೆಟ್ಟದಾಗಿ ಕೇಳುತ್ತದೆ ಎಂದು ಲೀನ್ ಬಂತು.

ಈಗ ನಮ್ಮ ಅನುವಾದಗಳನ್ನು ನೋಡಿ. ‘ತೆಳು ಉತ್ಪಾದನೆ’ ಎಂದರೆ ಅವರು ಬಿಟ್ಟುಬಂದ ಹೆಸರಿಗೇ ನಾವು ವಾಪಸ್ ಹೋದಂತೆ, ತೆಳುವಾದದ್ದು ಹರಿಯುತ್ತದೆ. ಸಣಕಲು, ಬಡಕಲು ಅಂದರೆ ಕಾಯಿಲೆಯ ನೆನಪು. ಕೆಲವು ಕಡೆ ‘ನೇರ ಉತ್ಪಾದನೆ’ ಎಂದಿರುತ್ತದೆ. ಅದು ಶುದ್ಧ ತಪ್ಪು, ನೇರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ‘ಚುರುಕು’ ಆಗಬಹುದಿತ್ತು, ಆದರೆ ಅದನ್ನು ಅಜೈಲ್‌ಗೆ (ಬದಲಾವಣೆಗೆ ಬೇಗ ಹೊಂದಿಕೊಳ್ಳುವ ಇನ್ನೊಂದು ವಿಧಾನಕ್ಕೆ) ಉಳಿಸಿಕೊಳ್ಳಬೇಕು. ‘ಬಿಗಿ’ ಅಂದರೆ ಕೆಲಸಗಾರರನ್ನು ಕಡಿಮೆ ಮಾಡಲು ಬಂದವರು ಎಂಬ ಭಯ ಹುಟ್ಟುತ್ತದೆ. ಸುಮ್ನೆ ‘ಲೀನ್’ ಎಂದೇ ಇಟ್ಟರೆ ‘ಲೀನ’ವಾಗುವುದು, ಒಂದರೊಳಗೊಂದು ಬೆರೆಯುವುದು ನೆನಪಾಗುತ್ತದೆ. ಕರಡು ಓದಿದವರೊಬ್ಬರು ನಿಜಕ್ಕೂ ಎರಡು ಕಂಪನಿ ಸೇರಿಸುವ ವಿಧಾನ ಎಂದುಕೊಂಡಿದ್ದರು.

ನನ್ನ ಮನಸ್ಸು ‘ಸಪೂರ’ದ ಕಡೆ ವಾಲುತ್ತಿದೆ. ಸಪೂರ ಅಂದರೆ ಸಣ್ಣಗಿದೆ, ಆದರೆ ಗಟ್ಟಿಯಾಗಿದೆ, ನೋಡಲೂ ಚೆಂದ. ‘ಸಪೂರ ಉತ್ಪಾದನೆ’, ‘ಸಪೂರ ವಿಧಾನ’. ಎಲ್ಲ ಕಡೆಯ ಓದುಗರಿಗೂ ಈ ಪದ ತಿಳಿಯುತ್ತದೆಯೇ? ನಿಮ್ಮ ಕಡೆ ಸಪೂರ ಅಂದರೆ ಮೆಚ್ಚುಗೆಯೋ, ಮರುಕವೋ? ಇದೊಂದನ್ನು ದಯವಿಟ್ಟು ತಿಳಿಸಿ.

ಗಿರಾಕಿಯ ಬೇಡಿಕೆಗೆ ತಕ್ಕಂತೆ ಒಂದೊಂದು ಮಾಲು ಎಷ್ಟೆಷ್ಟು ಹೊತ್ತಿಗೆ ಮುಗಿಯಬೇಕು ಎಂದು ಹೇಳುವ ಟಾಕ್ಟ್ ಟೈಮ್ ಎಂಬುದಕ್ಕೆ ಮಾತ್ರ ಕಣ್ಣು ಮುಚ್ಚಿ ‘ತಾಳದ ಹೊತ್ತು’ ಎಂದು ಬರೆದೆ. ಜರ್ಮನ್ನಿನಲ್ಲಿ ಟಾಕ್ಟ್ ಅಂದರೆ ಸಂಗೀತದ ತಾಳವೇ. ಶಿಫ್ಟಿನಲ್ಲಿ ಕೆಲಸಕ್ಕೆ 450 ನಿಮಿಷ ಸಿಗುತ್ತದೆ, ಗಿರಾಕಿಗೆ ಬೇಕಾದ್ದು 225 ಅಂದರೆ ಎರಡು ನಿಮಿಷಕ್ಕೊಂದು ತಾಳ. ಇದು ಎಲ್ಲರಿಗೂ ಹಿಡಿಸಿತು.

ಕೊನೆಯ ತೊಡಕು ‘ಸುಸ್ಥಿರ’. ಈ ಪದ ಬೇರೂರಿಬಿಟ್ಟಿದೆ, ಕಿತ್ತು ಹಾಕುವ ಯೋಚನೆ ನನಗಿಲ್ಲ. ಆದರೆ ‘ಸುಸ್ಥಿರ ವ್ಯವಹಾರ ಮಾದರಿ’ ಎಂದು ಬರೆದಾಗ ಓದುವವರಿಗೆ ಸಿಗುವುದು ‘ಅಲುಗಾಡದೆ ಗಟ್ಟಿಯಾಗಿ ನಿಂತ, ಎಲ್ಲರಿಗೂ ಮಾದರಿಯಾದ ವ್ಯಾಪಾರ’. ಮೂರು ಪದದಲ್ಲಿ ಎರಡು ದಾರಿ ತಪ್ಪಿಸುತ್ತವೆ. ಸುಸ್ಥಿರದಲ್ಲಿ ‘ಸ್ಥಿರ’ ಕೇಳಿಸುತ್ತದೆ, ಬದಲಾಗದ್ದು ಎಂಬಂತೆ. ಈ ವಿಚಾರ ಹುಟ್ಟಿದ್ದು ಹಾಗಲ್ಲ. 1713ರಲ್ಲಿ ಸ್ಯಾಕ್ಸನಿಯ ಗಣಿ ಆಡಳಿತದಲ್ಲಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಜ್ ಗಣಿಗಳಿಗೆ ಬೇಕಾದ ಮರದ ಬಗ್ಗೆ ಬರೆದರು. ಕಾಡು ಮತ್ತೆ ಬೆಳೆಯುವಷ್ಟನ್ನೇ ಕಡಿಯಬೇಕು ಎನ್ನುವುದು ಅವರ ಮಾತಿನ ಸಾರ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಮುಂದಿನ ಪೀಳಿಗೆಯ ಮಾತು ಸೇರಿಸಿದಾಗಲೂ ಒಳಗಿನ ತಿರುಳು ಇದೇ. ತೆಗೆದುಕೊಳ್ಳುವುದಕ್ಕೂ ಮತ್ತೆ ತುಂಬಿಕೊಳ್ಳುವುದಕ್ಕೂ ಇರುವ ಲೆಕ್ಕ.

‘ಬಾಳಿಕೆ’ ಪದ ಇಲ್ಲಿ ಎಷ್ಟು ದೂರ ಬರುತ್ತದೆ ಎಂದು ನೋಡುತ್ತಿದ್ದೇನೆ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ವೈಪರ್ ಎಂಬ ವಿಮಾನದ ಎಂಜಿನ್ನಿಗೆ ಹೊಸ ಏರ್ಪಾಟು ತಂದಿತು. ಎಂಜಿನ್ ಹಾರಿದ ಗಂಟೆಗೆ ಇಷ್ಟು ಎಂದು ಗಿರಾಕಿ ಹಣ ಕೊಡಬೇಕು. ರಿಪೇರಿ, ಬಿಡಿಭಾಗ ಎಲ್ಲ ಕಂಪನಿಯದೇ ಹೊಣೆ. ಬಿಡಿಭಾಗ ಮಾರಿ ಗಳಿಸುವವನಿಗೆ ಎಂಜಿನ್ ಕೆಟ್ಟರೆ ಲಾಭ. ಗಂಟೆ ಲೆಕ್ಕದವನಿಗೆ ಅದು ಬಾಳಿಕೆ ಬಂದರೆ ಲಾಭ. ಇದನ್ನು ‘ಬಾಳಿಕೆಯ ವಹಿವಾಟು’ ಎಂದರೆ ಥಟ್ಟನೆ ತಿಳಿಯುತ್ತದೆ. ಆದರೆ ವಸ್ತು ಬಾಳಿದ ಮಾತ್ರಕ್ಕೆ ಅದು ಕುಡಿಯುವ ಇಂಧನ, ಬಿಡುವ ಹೊಗೆಯ ಲೆಕ್ಕ ಮುಗಿಯುವುದಿಲ್ಲ, ಅಲ್ವಾ? ಅದಕ್ಕೇ ಬಾಳಿಕೆಯನ್ನು ಸುಸ್ಥಿರದ ಜಾಗದಲ್ಲಿ ಪೂರ್ತಿ ಕೂರಿಸಲು ಧೈರ್ಯ ಬರುತ್ತಿಲ್ಲ. ಇನ್ನು ‘ಮಾದರಿ’ಯ ಬದಲು ‘ಬಗೆ’ ಎಂದಿಟ್ಟಿದ್ದೇನೆ. ‘ಸುಸ್ಥಿರ ವಹಿವಾಟಿನ ಬಗೆಗಳು’ ಎಂದು ಅಧ್ಯಾಯದ ಹೆಸರು.

ಕೈಪಿಡಿಯ ಮೊದಲ ಪುಟದ ಸಾಲು ಸದ್ಯಕ್ಕೆ ಹೀಗಿದೆ: “ಸಪೂರ ವಿಧಾನದಿಂದ ಪೋಲು ತಗ್ಗುತ್ತದೆ. ತ್ಯಾಜ್ಯವೂ ತಗ್ಗಿತೇ ಎಂದು ಬೇರೆಯಾಗಿ ಅಳೆದು ನೋಡಿ.” ಇದನ್ನು ನಿಮ್ಮ ಮನೆಯಲ್ಲಿ, ಕಾರ್ಖಾನೆ ಕೆಲಸ ಗೊತ್ತಿಲ್ಲದವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಯಾವ ಪದದ ಹತ್ತಿರ ತಡೆದು ‘ಹಾಗಂದ್ರೆ?’ ಎಂದು ಕೇಳಿದರು ಎನ್ನುವುದನ್ನು ಬರೆದು ಕಳಿಸಿ.