‘ಕಾಂತಿಮಾನ’ ಇಳಿದರೆ ಧೂಮಕೇತು ಬೆಳಗಿತೇ, ಮಸುಕಾಯಿತೇ? ಜೊತೆಗೆ ‘ದೀರ್ಘಾವಧಿ’

ಎಲ್ಲರಿಗೂ ನಮಸ್ಕಾರ.

ಆಕಾಶ ನೋಡುವ ಹವ್ಯಾಸವಿರುವ ವಿದ್ಯಾರ್ಥಿಗಳಿಗಾಗಿ ಧೂಮಕೇತುಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ತ್ಸುಚಿನ್‌ಶಾನ್-ಅಟ್ಲಾಸ್, ಅಂದರೆ ಸಿ/2023 ಎ3. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಳಗಿನ ಜಾವ ಪೂರ್ವದಲ್ಲೂ ಅಕ್ಟೋಬರ್ ನಡುವಿನಲ್ಲಿ ಸಂಜೆ ಪಶ್ಚಿಮದಲ್ಲೂ ನಮ್ಮ ಕಡೆಯ ಅನೇಕರು ಅದನ್ನು ನೋಡಿದ್ದಾರೆ. ಪಾರಿಭಾಷಿಕ ಪದಗಳಿಗೇನೂ ಬರವಿಲ್ಲ. ಪುರರವಿ, ಉತ್ಕೇಂದ್ರತೆ, ದೀರ್ಘವೃತ್ತ, ಅತಿಪರವಲಯ ಎಲ್ಲವೂ ಬಳಕೆಯಲ್ಲಿವೆ. ತೊಡಕಾಗುತ್ತಿರುವುದು ಆ ಪದಗಳ ಜೊತೆ ಯಾವ ಕ್ರಿಯಾಪದ ಹಾಕಬೇಕು ಎಂಬಲ್ಲಿ.

ಮೊದಲನೆಯದು, ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಕಾಂತಿಮಾನ’. ಮ್ಯಾಗ್ನಿಟ್ಯೂಡ್ ಎಂಬುದಕ್ಕೆ ಈ ಪದವನ್ನು ಬಳಸುತ್ತೇವೆ. ಆ ಅಳತೆಯಲ್ಲಿ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಕತ್ತಲಿರುವ ಊರಿನಲ್ಲಿ ಬರಿಗಣ್ಣಿಗೆ ನಿಲುಕುವ ಕೊನೆಯ ನಕ್ಷತ್ರಗಳು ಸುಮಾರು 6, ಲುಬ್ಧಕ ಸುಮಾರು ಮೈನಸ್ 1.5, ಶುಕ್ರ ಮೈನಸ್ 4ರ ಆಚೀಚೆ. ಐದು ಅಂಕಿಯ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು. ಈಗ ಈ ವಾಕ್ಯ ನೋಡಿ: “ಧೂಮಕೇತುವಿನ ಕಾಂತಿಮಾನ 6ರಿಂದ 3ಕ್ಕೆ ಇಳಿಯಿತು.” ಲೆಕ್ಕದ ಪ್ರಕಾರ ಅದು ಸುಮಾರು ಹದಿನಾರು ಪಟ್ಟು ಬೆಳಗಿದೆ. ಓದುವವರು ಮಾತ್ರ ಮಂಕಾಯಿತು ಅಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ತಾಪಮಾನ ಏರಿದರೆ ಸೆಕೆ, ವರಮಾನ ಇಳಿದರೆ ಕಷ್ಟ. ‘ಮಾನ’ ಅಂತ ಕೊನೆಗೊಳ್ಳುವ ಪದ ಬಂದರೆ, ಅಂಕಿ ಹೆಚ್ಚಾದರೆ ಆ ಗುಣವೂ ಹೆಚ್ಚಾಯಿತು ಎಂಬುದು ಕನ್ನಡದ ಕಿವಿಗೆ ರೂಢಿಯಾಗಿ ಹೋಗಿದೆ. “ಕಾಂತಿಮಾನ ಏರಿತು” ಎಂದು ಬರೆದರೆ ಇನ್ನೊಂದು ಫಜೀತಿ. ಬರೆದವರು ಅಂಕಿಯ ಮಾತಾಡುತ್ತಿದ್ದಾರೋ ಬೆಳಕಿನದೋ ತಿಳಿಯುವುದೇ ಇಲ್ಲ.

‘ದರ್ಜೆ’ ಹೇಗೆ? ನನ್ನ ಮನಸ್ಸು ಅತ್ತಲೇ ವಾಲುತ್ತದೆ. ಈ ಅಳತೆ ಹುಟ್ಟಿದ್ದೇ ಹಾಗೆ. ಪ್ರಾಚೀನ ಗ್ರೀಕರು ಕಣ್ಣಿಗೆ ಕಂಡ ನಕ್ಷತ್ರಗಳನ್ನು ಮೊದಲನೆಯದರಿಂದ ಆರನೆಯದರವರೆಗೆ ವರ್ಗ ಮಾಡಿದರು. ಅದಕ್ಕೆ ಗಣಿತದ ಕಟ್ಟು ಹಾಕಿದವನು ಇಂಗ್ಲಿಷ್ ಖಗೋಳಜ್ಞ ಪೋಗ್ಸನ್, 1856ರಲ್ಲಿ. ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆಯವರಿಗಿಂತ ಮೇಲೆ ಎಂಬುದನ್ನು ಕರ್ನಾಟಕದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚಿಕ್ಕ ಅಂಕಿ ಎಂದರೆ ಮೇಲು ಎಂಬ ಅರ್ಥ ಪದದೊಳಗೇ ಇದೆ. “ಆರನೇ ದರ್ಜೆಯಿಂದ ಮೂರನೇ ದರ್ಜೆಗೆ ಏರಿತು” ಎಂದರೆ ಗೊಂದಲವೇ ಇಲ್ಲ. ಆದರೆ ದಶಾಂಶ ಬಂದ ಕೂಡಲೇ ಇದು ಕುಂಟುತ್ತದೆ. ‘3.4ನೇ ದರ್ಜೆ’ಯನ್ನು ಹೇಗೋ ಸಹಿಸಬಹುದು, ‘ಸೊನ್ನೆಯನೇ ದರ್ಜೆ’ಯನ್ನು ಏನು ಮಾಡುವುದು? ಈ ಧೂಮಕೇತುವಿನ ಗರಿಷ್ಠ ಕಾಂತಿಯಂತೂ ಮೈನಸ್ 4.9ರ ಹತ್ತಿರ ಹೋಗಿತ್ತು.

ಆ ಮೈನಸ್ 4.9 ಕೂಡ ಭಾಷೆಗೆ ಸವಾಲು. ಧೂಮಕೇತು ಸೂರ್ಯನಿಗೆ ಅತಿ ಸಮೀಪ ಬಂದದ್ದು ಸೆಪ್ಟೆಂಬರ್ 27ರಂದು, 0.39 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ ಒಂದು ಖಗೋಳಮಾನ) ದೂರದಲ್ಲಿ, ಅಂದರೆ ಹೆಚ್ಚು ಕಡಿಮೆ ಬುಧನಿರುವಷ್ಟು ದೂರ. ಅತಿ ಹೆಚ್ಚು ಬೆಳಗಿದ್ದು ಮಾತ್ರ ಅಕ್ಟೋಬರ್ 9ರ ಸುಮಾರಿಗೆ. ಆಗ ಅದು ನಮಗೂ ಸೂರ್ಯನಿಗೂ ನಡುವೆ ಹಾಯುತ್ತಿತ್ತು, ಅದರ ಧೂಳು ಹಿಂದಿನಿಂದ ಬಿದ್ದ ಬಿಸಿಲನ್ನು ನಮ್ಮತ್ತ ಚದುರಿಸುತ್ತಿತ್ತು. ಸೂರ್ಯನ ಪ್ರಭೆಯಲ್ಲಿ ಮುಳುಗಿದ್ದರಿಂದ ಆ ಹೊಳಪನ್ನು ಚೆನ್ನಾಗಿ ಕಂಡದ್ದು ಸೂರ್ಯನನ್ನು ಗಮನಿಸುವ ಸೋಹೋ ಬಾಹ್ಯಾಕಾಶ ನೌಕೆಯ ಕ್ಯಾಮೆರಾ. ಹೀಗಿರುವಾಗ “ಧೂಮಕೇತು ಶುಕ್ರನಿಗಿಂತ ಪ್ರಕಾಶಮಾನವಾಗಿ ಗೋಚರಿಸಿತು” ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ‘ಬೆಳಗಿತು’ ಸರಿ, ‘ಗೋಚರಿಸಿತು’ ಸರಿಯಲ್ಲ.

ಸದ್ಯಕ್ಕೆ ಹೀಗೆ ಮಾಡಿಕೊಂಡಿದ್ದೇನೆ. ಕೋಷ್ಟಕದಲ್ಲಿ ‘ಕಾಂತಿಮಾನ’, ಮಾತಿನ ಓಟದಲ್ಲಿ ಪೂರ್ಣಾಂಕವಿದ್ದರೆ ‘ದರ್ಜೆ’. ಏರಿತು, ಇಳಿಯಿತು ಎಂಬ ಕ್ರಿಯಾಪದಗಳನ್ನು ಕಾಂತಿಮಾನಕ್ಕೆ ಹಚ್ಚದೆ “ಬೆಳಗುತ್ತ 6ರಿಂದ 3ಕ್ಕೆ ಬಂತು”, “ಮಸುಕಾಗುತ್ತ 3ರಿಂದ 6ಕ್ಕೆ ಹೋಯಿತು” ಎಂದು ಬರೆಯುವುದು. ಇದಕ್ಕಿಂತ ಸಲೀಸಾದ ದಾರಿ ನಿಮ್ಮಲ್ಲಿ ಯಾರಿಗಾದರೂ ತೋಚಿದರೆ ದಯವಿಟ್ಟು ತಿಳಿಸಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ಬೇಕಾಗಿದೆ. ಧೂಮಕೇತುವಿನ ಕಾಂತಿಯನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಹೀಗೆ: ಬೈನಾಕ್ಯುಲರಿನಲ್ಲಿ ಧೂಮಕೇತುವನ್ನು ಸ್ಪಷ್ಟವಾಗಿ ನೋಡಿ, ಅದರ ಮಂಜುಮಂಜಾದ ತಲೆ ಎಷ್ಟು ಅಗಲ, ಎಷ್ಟು ಬೆಳಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಳಿಕ ಕಾಂತಿಮಾನ ಗೊತ್ತಿರುವ ಒಂದು ನಕ್ಷತ್ರಕ್ಕೆ ತಿರುಗಿ, ಅದು ಅಷ್ಟೇ ಅಗಲದ ಬಿಲ್ಲೆಯಾಗುವವರೆಗೆ ಫೋಕಸ್ ತಪ್ಪಿಸಿ ಹೋಲಿಸಬೇಕು. ತುಸು ಹೆಚ್ಚು ಬೆಳಕಿನ ಒಂದು, ತುಸು ಕಡಿಮೆಯದು ಒಂದು, ಹೀಗೆ ಎರಡು ನಕ್ಷತ್ರ ಸಿಕ್ಕರೆ ನಡುವಿನ ಅಂಕಿ ಹಿಡಿಯಬಹುದು. ಜೊತೆಗೆ ತಲೆಯ ಬೆಳಕು ನಡುವಿಗೆ ಎಷ್ಟು ಕೂಡಿಕೊಂಡಿದೆ ಎಂದು 0ಯಿಂದ 9ರವರೆಗೆ ಅಂಕ ಕೊಡುತ್ತಾರೆ. ಎಲ್ಲೆಡೆ ಒಂದೇ ಸಮ ಹರಡಿದ್ದರೆ 0, ಹೆಚ್ಚುಕಡಿಮೆ ನಕ್ಷತ್ರದ ಹಾಗೆ ಚುಕ್ಕಿಯಾಗಿದ್ದರೆ 9. ಈ ಅಂಕಕ್ಕೆ ಕನ್ನಡದಲ್ಲಿ ಏನನ್ನೋಣ? ‘ಸಾಂದ್ರತೆ’ ಎಂದರೆ ಶಾಲೆಯ ಭೌತಶಾಸ್ತ್ರ ಅಡ್ಡ ಬರುತ್ತದೆ. ‘ದಟ್ಟಣೆ’ ಎಂದರೆ ವಾಹನಗಳ ನೆನಪು. ಹಾಲು ಹೆಪ್ಪುಗಟ್ಟುವ ಹಾಗೆ ಬೆಳಕು ನಡುವೆ ಗಟ್ಟಿಯಾಗುತ್ತದೆಂಬ ಅರ್ಥದಲ್ಲಿ ‘ಹೆಪ್ಪಿನ ಅಂಕ’ ಎಂದು ಬರೆದಿಟ್ಟಿದ್ದೇನೆ. ನನಗೆ ಇಷ್ಟವಾಗಿದೆ, ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಎರಡನೆಯದು ‘ದೀರ್ಘಾವಧಿ’. ಸುತ್ತು ಮುಗಿಸಲು 200 ವರ್ಷಕ್ಕಿಂತ ಹೆಚ್ಚು ಬೇಕಾದ ಧೂಮಕೇತುಗಳು ಈ ಪಂಗಡಕ್ಕೆ ಸೇರುತ್ತವೆ. ಪದದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಸುದ್ದಿಗಳಲ್ಲಿ ಅದರ ಜೊತೆ ಬಂದ “80 ಸಾವಿರ ವರ್ಷಗಳಿಗೊಮ್ಮೆ ಬರುವ ಧೂಮಕೇತು” ಎಂಬ ಪ್ರಯೋಗದ ಬಗ್ಗೆ. ‘ವರ್ಷಕ್ಕೊಮ್ಮೆ ಜಾತ್ರೆ’ ಎಂದರೆ ಹಿಂದೆ ಆಗಿದೆ, ಮುಂದೆಯೂ ಆಗುತ್ತದೆ ಎಂದರ್ಥ. ಈ ‘ಗೊಮ್ಮೆ’ ಹ್ಯಾಲಿ ಧೂಮಕೇತುವಿಗೆ ಒಪ್ಪುತ್ತದೆ, ಸುಮಾರು 76 ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಸಿ/2023 ಎ3 ಸೂರ್ಯನ ಬಳಿ ಇದ್ದಾಗ ಲೆಕ್ಕಹಾಕಿದ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಂಕಿ) 1.0001ರ ಆಸುಪಾಸು. 1ಕ್ಕಿಂತ ಕಡಿಮೆಯಿದ್ದರೆ ದೀರ್ಘವೃತ್ತ, ಮರಳಿ ಬರುತ್ತದೆ. 1 ದಾಟಿದರೆ ಅತಿಪರವಲಯ, ಆ ಗೆರೆ ಕೂಡಿಕೊಳ್ಳುವುದೇ ಇಲ್ಲ. ಇಷ್ಟು ಅಂಚಿನಲ್ಲಿರುವ ಅತಿಥಿ ಮರಳುತ್ತದೆಂದು ಮಾತು ಕೊಡುವುದು ಸಲ್ಲದು.

ಮರಳುವುದು ಖಚಿತವಿರುವಾಗಲೂ ‘ಗೊಮ್ಮೆ’ ನಿಲ್ಲುವುದಿಲ್ಲ. 1997ರಲ್ಲಿ ತಿಂಗಳುಗಟ್ಟಲೆ ಬರಿಗಣ್ಣಿಗೆ ಕಂಡ ಹೇಲ್-ಬಾಪ್ ನೆನಪಿದೆಯಲ್ಲವೇ? ಅದು ಸುಮಾರು 4,200 ವರ್ಷಗಳ ಸುತ್ತು ಹಾಕಿ ಬಂದದ್ದು. 1996ರ ಏಪ್ರಿಲ್‌ನಲ್ಲಿ ಗುರುಗ್ರಹದ ಹತ್ತಿರ ಹಾದಾಗ ಅದರ ಎಳೆತಕ್ಕೆ ಸಿಕ್ಕಿ ದಾರಿ ಬದಲಾಯಿತು. ಮುಂದಿನ ಸುತ್ತು ಸುಮಾರು 2,500 ವರ್ಷ. ಒಂದೇ ಧೂಮಕೇತುವಿಗೆ ಬರುವಾಗ ಒಂದು ಅವಧಿ, ಹೋಗುವಾಗ ಇನ್ನೊಂದು. ಇಂಥ ಕಡೆ ‘ಅವಧಿ’ಯೇ ಒಳ್ಳೆಯ ಪದ. ಸಾಲದ ಅವಧಿ, ಸರ್ಕಾರದ ಅವಧಿ ಎನ್ನುತ್ತೇವಲ್ಲ, ಅದು ಒಂದು ಕಾಲದ ಉದ್ದವನ್ನು ಹೇಳುತ್ತದೆ, ಮತ್ತೆ ಮತ್ತೆ ಬರುವುದನ್ನು ಹೇಳುವುದಿಲ್ಲ. ಮರುಕಳಿಸುವ ಅರ್ಥವಿರುವುದು ‘ಆವರ್ತ’ಕ್ಕೆ. ಹಾಗಾಗಿ ಹ್ಯಾಲಿಯಂಥವನ್ನು ‘ಆವರ್ತಕ’ ಎನ್ನೋಣ, ಇವನ್ನು ‘ದೀರ್ಘಾವಧಿ’ ಎಂದೇ ಉಳಿಸೋಣ, “80 ಸಾವಿರ ವರ್ಷಗಳ ಹಿಂದೆ ಬಂದಿರಬಹುದಾದ” ಎಂದು ಬರೆಯೋಣ ಎಂಬುದು ನನ್ನ ಸಲಹೆ. ‘ಕಕ್ಷೆ’ಯ ಬದಲು ‘ಪಥ’ ಎನ್ನಬೇಕೇ ಎಂದೂ ಯೋಚಿಸಿದ್ದೆ. ಕಕ್ಷೆ ಸಾಕಷ್ಟು ಬೇರೂರಿದೆ, ಬಿಟ್ಟುಬಿಟ್ಟೆ.

ಕೊನೆಯದಾಗಿ ಒಂದು ಚಿಕ್ಕ ಪ್ರಶ್ನೆ. ಅಕ್ಟೋಬರ್ 14ರ ಸುಮಾರಿಗೆ ಭೂಮಿ ಈ ಧೂಮಕೇತುವಿನ ಕಕ್ಷೆಯ ಸಮತಲವನ್ನು ದಾಟಿದಾಗ, ಹಿಂದೆ ಉಳಿದಿದ್ದ ಧೂಳಿನ ಹಾಳೆ ಅಂಚಿನಿಂದ ಕಂಡು, ಸೂರ್ಯನ ಕಡೆಗೇ ಚಾಚಿದ ತೆಳ್ಳನೆಯ ಗೆರೆಯೊಂದು ಫೋಟೋಗಳಲ್ಲಿ ಮೂಡಿತ್ತು. ಅದಕ್ಕೆ ‘ಪ್ರತಿಬಾಲ’, ‘ಎದುರುಬಾಲ’ ಎರಡನ್ನೂ ಬರೆದಿಟ್ಟಿದ್ದೇನೆ. ‘ಹುಸಿಬಾಲ’ ಬೇಡವೆನಿಸಿತು, ಏಕೆಂದರೆ ಧೂಳು ನಿಜವಾದದ್ದೇ, ದಿಕ್ಕು ಮಾತ್ರ ನಾವು ನೋಡುವ ಕೋನದಿಂದ ಹಾಗೆ ಕಾಣುತ್ತದೆ. ನಿಮ್ಮ ಊರಿನಲ್ಲಿ ಹಿರಿಯರು ಬಾಲಚುಕ್ಕಿಯ ಭಾಗಗಳಿಗೆ ಬಳಸುವ ಬೇರೆ ಮಾತುಗಳಿದ್ದರೆ ಅವನ್ನೂ, ಯಾವ ಜಿಲ್ಲೆಯ ಬಳಕೆ ಎಂಬುದನ್ನೂ ಸೇರಿಸಿ ಬರೆಯಿರಿ.