ಎರಡು ಕನ್ಸೋಲ್, ಒಂದೇ ವೈಫೈ: ಸಂಜೆ ಆದರೆ ಲ್ಯಾಗ್, ಯಾವ ರೂಟರ್ ತಗೊಳ್ಳಲಿ?

ರಾತ್ರಿಆಟಗಾರ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನನ್ನದೊಂದು ಪಿಎಸ್5, ತಮ್ಮನದೊಂದು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ಡಬ್ಬ ಹಾಲ್‌ನಲ್ಲಿದೆ. ಅದಕ್ಕೆ ನಮ್ಮದೇ ಒಂದು ಹಳೇ ರೂಟರ್ ಜೋಡಿಸಿದ್ದೇವೆ. ಕನ್ಸೋಲ್‌ಗಳು ಒಳಗಿನ ಕೋಣೆಯಲ್ಲಿವೆ, ನಡುವೆ ಎರಡು ಗೋಡೆ. ಲೈನ್ ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 20.

ಬೆಳಿಗ್ಗೆ ಆಡಿದರೆ ಏನೂ ತೊಂದರೆ ಇಲ್ಲ. ಸಂಜೆ ಆಯ್ತು ಅಂದ್ರೆ ಶುರು. ಎದುರಿನವನಿಗೆ ನಾಲ್ಕು ಗುಂಡು ಹೊಡೆದಿರುತ್ತೇನೆ, ಒಂದೂ ತಾಗಿರುವುದಿಲ್ಲ. ಗೋಡೆ ಮರೆಗೆ ಬಂದು ನಿಂತ ಮೇಲೆ ನಾನು ಸಾಯುತ್ತೇನೆ. ತಮ್ಮನ ಫುಟ್‌ಬಾಲ್ ಆಟದಲ್ಲಿ ಪಾಸ್ ಒತ್ತಿದರೆ ಚೆಂಡು ಸ್ವಲ್ಪ ಯೋಚನೆ ಮಾಡಿ ಆಮೇಲೆ ಹೊರಡುತ್ತದೆ. ಆದರೆ ಸ್ಪೀಡ್ ಟೆಸ್ಟ್ ಮಾಡಿದರೆ 90ಕ್ಕಿಂತ ಮೇಲೇ ಬರುತ್ತದೆ!

ಎಂಟು ಆಂಟೆನಾ ಇರುವ, ಟ್ರೈ-ಬ್ಯಾಂಡ್, ಡಬ್ಬದ ಮೇಲೆ ‘ಗೇಮಿಂಗ್’ ಅಂತ ದೊಡ್ಡದಾಗಿ ಬರೆದಿರುವ ರೂಟರ್ ಒಂದನ್ನು ನೋಡಿಟ್ಟಿದ್ದೇನೆ. ತಗೊಳ್ಳಲಾ? ಇನ್ನೊಂದು ವಿಷಯ. ಪಿಎಸ್5 ನ್ಯಾಟ್ ಟೈಪ್ 3 (ಬೇರೆ ಆಟಗಾರರ ಜೊತೆ ಸಂಪರ್ಕಕ್ಕೆ ಅತಿ ಹೆಚ್ಚು ಅಡ್ಡಿ ಇರುವ ಸ್ಥಿತಿ) ಅಂತ ತೋರಿಸುತ್ತದೆ, ಪಾರ್ಟಿ ಚಾಟ್‌ನಲ್ಲಿ ಕೆಲವರ ದನಿ ಕೇಳಿಸುವುದೇ ಇಲ್ಲ. ಇದಕ್ಕೂ ರೂಟರೇ ಕಾರಣವಾ?

ಬಾಸ್‌ಫೈಟ್:
ಸುಮ್ನೆ ತಗೊಳ್ಳಿ ಗುರು. ನಾನೂ ಅಂಥದ್ದೇ ಇಟ್ಟಿದ್ದೇನೆ, ಬೆಂಕಿ! ಆಪ್‌ನಲ್ಲಿ ಗೇಮ್ ಮೋಡ್ ಒತ್ತಿದರೆ ನೀಲಿ ದೀಪ ಹತ್ತುತ್ತದೆ.

ತಂತಿವಾದಿ:
ದೀಪ ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ರಾತ್ರಿಆಟಗಾರರೇ, ಈಗಲೇ ದುಡ್ಡು ಬಿಚ್ಚಬೇಡಿ.

ಆನ್‌ಲೈನ್ ಆಟ ಆಡುವಾಗ ಹೋಗಿ ಬರುವ ಡೇಟಾ ತುಂಬಾ ಕಡಿಮೆ. ಹೆಚ್ಚಿನ ಆಟಗಳಿಗೆ 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಗೇಮ್ ಡೌನ್‌ಲೋಡ್ ಮಾಡುವುದಕ್ಕೆ, ಕ್ಲೌಡ್ ಗೇಮಿಂಗ್‌ಗೆ ಸ್ಪೀಡ್ ಬೇಕು, ಅದು ಬೇರೆ ಮಾತು. ನಿಮ್ಮನ್ನು ಸಾಯಿಸುತ್ತಿರುವುದು ತಡ, ಅದರಲ್ಲೂ ಒಂದೇ ಸಮ ಇರದ ತಡ. ಅದು ಮೂರು ಕಡೆ ಹುಟ್ಟಬಹುದು: ಕನ್ಸೋಲ್‌ನಿಂದ ರೂಟರ್‌ವರೆಗಿನ ಗಾಳಿಯಲ್ಲಿ, ನಿಮ್ಮ ಲೈನಿನ ಬಾಯಲ್ಲಿ, ಇಲ್ಲಾ ಅದರಾಚೆ. ಹೊಸ ರೂಟರ್ ಸರಿ ಮಾಡುವುದು ಮೊದಲ ಎರಡನ್ನು ಮಾತ್ರ. ಆ ಎರಡರಲ್ಲಿ ಯಾವುದು ಅನ್ನುವುದರ ಮೇಲೆ ಕೊಳ್ಳಬೇಕಾದ ರೂಟರೇ ಬದಲಾಗುತ್ತದೆ.

ಹಾಗಾಗಿ ಮೊದಲು ಇದನ್ನು ಮಾಡಿ. ಲ್ಯಾಪ್‌ಟಾಪ್ ತಂದು ಕನ್ಸೋಲ್ ಪಕ್ಕದಲ್ಲೇ ಇಡಿ, ಅದೇ ವೈಫೈಗೆ ಸೇರಿಸಿ. ಎರಡು ಕಮಾಂಡ್ ಕಿಟಕಿ ತೆರೆದು ಒಂದರಲ್ಲಿ ರೂಟರ್‌ಗೆ ಪಿಂಗ್ ಬಿಡಿ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಇಂಟರ್ನೆಟ್‌ನಲ್ಲಿರುವ 1.1.1.1 ಅನ್ನುವ ವಿಳಾಸಕ್ಕೆ. ಪಿಂಗ್ ಅಂದರೆ ಪುಟ್ಟ ಪ್ಯಾಕೆಟ್ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಕಮಾಂಡ್. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕೇ ಸಲಕ್ಕೆ ನಿಂತುಬಿಡುತ್ತದೆ, ನಿಲ್ಲದ ಹಾಗೆ ಕೊನೆಗೆ ಮೈನಸ್ ಟಿ (-t) ಸೇರಿಸಿ. ಸ್ವಲ್ಪ ಹೊತ್ತು ನೋಡಿ. ಆಮೇಲೆ ಇನ್ಯಾರದಾದರೂ ಫೋನಿಂದ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್‌ಗೆ ಹಾಕಿ ಮತ್ತೆ ನೋಡಿ. ಕೊನೆಗೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರ್‌ಗೆ ಸಿಕ್ಕಿಸಿ ಇದನ್ನೇ ಇನ್ನೊಮ್ಮೆ. ಸಂಖ್ಯೆಗಳನ್ನು ಇಲ್ಲಿ ಹಾಕಿ. ಸಂಜೆ ಹೊತ್ತಲ್ಲೇ ಮಾಡಿ, ಬೆಳಿಗ್ಗೆ ಮಾಡಿದರೆ ಪ್ರಯೋಜನ ಇಲ್ಲ.

ರಾತ್ರಿಆಟಗಾರ:
ಮಾಡಿದೆ ಸರ್. ಎಲ್ಲವೂ ಮಿಲಿಸೆಕೆಂಡ್‌ನಲ್ಲಿ:

ವೈಫೈನಲ್ಲಿ ರೂಟರ್‌ಗೆ: ಹೆಚ್ಚಾಗಿ 3–5, ನಡುನಡುವೆ 60, 90, ಒಮ್ಮೆ 140. ಆಗೊಂದು ಈಗೊಂದು ಟೈಮ್‌ಔಟ್.
ಕೇಬಲ್‌ನಲ್ಲಿ ರೂಟರ್‌ಗೆ: 1ಕ್ಕಿಂತ ಕಡಿಮೆ, ಅಲ್ಲಾಡಲೇ ಇಲ್ಲ.
ಕೇಬಲ್‌ನಲ್ಲಿ 1.1.1.1ಗೆ: 14.
ಕೇಬಲ್‌ನಲ್ಲಿ 1.1.1.1ಗೆ, ಅಪ್ಪನ ಫೋನಿಂದ ಅಪ್‌ಲೋಡ್ ನಡೆಯುವಾಗ: 280ರಿಂದ 310!

ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 14. ಅಪ್ಪ ಸಂಜೆ ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕುತ್ತಾರೆ, ಆಗಲೇ ಫೋಟೊ ಬ್ಯಾಕಪ್ ಶುರುವಾಗುತ್ತದೆ. ಇಷ್ಟು ದಿನ ಗೇಮ್ ಸರ್ವರನ್ನು ಬೈಯುತ್ತಿದ್ದೆ.

ತಂತಿವಾದಿ:
ನಿಮಗೆ ಎರಡು ಕಾಯಿಲೆ ಇವೆ, ಔಷಧಿಯೂ ಬೇರೆ ಬೇರೆ. ದೊಡ್ಡದನ್ನು ಮೊದಲು ನೋಡೋಣ.

ಆ 300ಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ನಿಮ್ಮ ಲೈನ್ ಹೊರಗೆ ಕಳಿಸುವುದು ಸೆಕೆಂಡಿಗೆ 20 ಮೆಗಾಬಿಟ್. ಫೋನ್ ವೈಫೈ ಮೂಲಕ ಅದಕ್ಕಿಂತ ಎಷ್ಟೋ ಜೋರಾಗಿ ಡೇಟಾ ತಳ್ಳುತ್ತದೆ. ಹೆಚ್ಚಾದದ್ದು ಡಬ್ಬದ ಬಫರ್‌ನಲ್ಲಿ ನಿಲ್ಲುತ್ತದೆ. ಅಲ್ಲಿ 750 ಕಿಲೋಬೈಟ್ ನಿಂತಿದೆ ಅಂದುಕೊಳ್ಳಿ. ಅಂದರೆ 6 ಮೆಗಾಬಿಟ್. 20ರ ಲೈನಲ್ಲಿ ಅದು ಖಾಲಿಯಾಗಲು 0.3 ಸೆಕೆಂಡ್, ಅಂದರೆ 300 ಮಿಲಿಸೆಕೆಂಡ್. ನೀವು ಟ್ರಿಗರ್ ಒತ್ತಿದಾಗ ಹೊರಡುವ ಪುಟ್ಟ ಪ್ಯಾಕೆಟ್ ಆ ಸಾಲಿನ ತುದಿಯಲ್ಲಿ ನಿಂತು ಕಾಯುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಹೋಯಿತಲ್ವಾ?

ಇದಕ್ಕೆ ಆಂಟೆನಾ ಎಂಟಿರಲಿ, ಹದಿನಾರಿರಲಿ, ಏನೂ ಆಗುವುದಿಲ್ಲ. ಬೇಕಾಗಿರುವುದು ಎಸ್‌ಕ್ಯೂಎಂ ಅನ್ನುವ ಸೌಲಭ್ಯ. ಅದು ಎರಡು ಕೆಲಸ ಮಾಡುತ್ತದೆ. ಲೈನಿನ ವೇಗಕ್ಕಿಂತ ತುಸು ಕಡಿಮೆಗೆ ತಾನೇ ಕಡಿವಾಣ ಹಾಕಿ, ಸಾಲು ಕಂಪನಿ ಡಬ್ಬದಲ್ಲಿ ಬೆಳೆಯದೆ ತನ್ನ ಬಳಿಯೇ ನಿಲ್ಲುವಂತೆ ಮಾಡುತ್ತದೆ. ಆಮೇಲೆ ಆ ಸಾಲನ್ನು ಬಿಡಿಸುತ್ತದೆ: ಅಪ್‌ಲೋಡ್‌ಗೆ ಒಂದು ಸಾಲು, ಆಟಕ್ಕೆ ಒಂದು, ಕಾಲ್‌ಗೆ ಒಂದು. ಚಿಕ್ಕ ಸಾಲಿನವರು ಕಾಯಬೇಕಿಲ್ಲ. ಸೆಟ್ಟಿಂಗ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನುವ ಹೆಸರು ಕಂಡರೆ ಅದೇ ಇದು. ಕೇಕ್ 2018ರಲ್ಲಿ ಲಿನಕ್ಸ್ 4.19ರ ಜೊತೆ ಬಂತು. ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ನ ಮೂಲ ಸಾಫ್ಟ್‌ವೇರ್ ಬದಲು ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕಬಹುದಾದ ಯಾವ ರೂಟರ್‌ನಲ್ಲೂ ಇದು ಸಿಗುತ್ತದೆ. ಕೆಲವು ಕಂಪನಿಗಳು ತಮ್ಮದೇ ಸಾಫ್ಟ್‌ವೇರ್‌ನಲ್ಲೂ ಕೊಡುತ್ತವೆ.

ಡಬ್ಬದ ಮೇಲೆ ಬರೀ ‘ಕ್ಯೂಒಎಸ್’ ಅಂತ ಇದ್ದರೆ ನಂಬಬೇಡಿ. ಕನ್ಸೋಲ್‌ಗೆ ಮೊದಲ ಆದ್ಯತೆ ಅಂತ ಟಿಕ್ ಹಾಕಬಹುದು, ಆದರೆ ವೇಗದ ಮಿತಿ ಹಾಕದಿದ್ದರೆ ಸಾಲು ನಿಲ್ಲುವುದು ಕಂಪನಿಯ ಡಬ್ಬದಲ್ಲೇ. ಅಲ್ಲಿ ನಿಮ್ಮ ರೂಟರ್ ಮಾತು ನಡೆಯುವುದಿಲ್ಲ. ಬಾಸ್‌ಫೈಟ್ ಅವರ ನೀಲಿ ದೀಪದ ಕಥೆ ಹೆಚ್ಚಾಗಿ ಇಷ್ಟೇ.

ಕೊಳ್ಳುವಾಗ ಪ್ರೊಸೆಸರ್ ಕಡೆ ಗಮನ ಕೊಡಿ. ಎಸ್‌ಕ್ಯೂಎಂ ಹಾಕಿದರೆ ಹಾರ್ಡ್‌ವೇರ್ ಆಫ್‌ಲೋಡ್ (ಡೇಟಾ ದಾಟಿಸುವ ಕೆಲಸವನ್ನು ಸಿಪಿಯು ಬದಲು ಬೇರೆ ಚಿಪ್‌ಗೆ ವಹಿಸುವುದು) ಸಾಮಾನ್ಯವಾಗಿ ಆಫ್ ಮಾಡಬೇಕಾಗುತ್ತದೆ, ಕೆಲಸವೆಲ್ಲ ಸಿಪಿಯು ತಲೆ ಮೇಲೆ. ನಿಮ್ಮ 100ರ ಲೈನಿಗೆ ಮಧ್ಯಮ ದರ್ಜೆಯ ರೂಟರ್ ಧಾರಾಳವಾಗಿ ಸಾಕು. ಗಿಗಾಬಿಟ್ ಲೈನ್ ಇರುವವರು ಮಾತ್ರ ಜೋರಾದ ಸಿಪಿಯು ಹುಡುಕಬೇಕು.

ಬಾಸ್‌ಫೈಟ್:
ನಂದೂ ಟೆಸ್ಟ್ ಮಾಡಿದೆ. ಅಪ್‌ಲೋಡ್ ಹಾಕಿದರೆ 12 ಇದ್ದದ್ದು 190. ನೀಲಿ ದೀಪ ಉರೀತಾನೇ ಇತ್ತು.

ಅಲೆಮಾರಿ:
ವೈಫೈ ಭಾಗ ನಾನು ಹೇಳುತ್ತೇನೆ, ತಂತಿವಾದಿಯವರನ್ನು ಕೇಳಿದರೆ ಗೋಡೆಗೆ ತೂತು ಕೊರೆಸುತ್ತಾರೆ.

ಆ ಟ್ರೈ-ಬ್ಯಾಂಡ್ ರೂಟರ್‌ನ ಮೂರನೇ ಬ್ಯಾಂಡ್ 6 ಗಿಗಾಹರ್ಟ್ಸ್ ಆಗಿದ್ದರೆ ನಿಮ್ಮಿಬ್ಬರ ಕನ್ಸೋಲ್‌ಗಳಿಗೂ ಅದು ಕಾಣಿಸುವುದೇ ಇಲ್ಲ. ಪಿಎಸ್5ನಲ್ಲಿರುವುದು ವೈಫೈ 6, ಸೀರೀಸ್ ಎಸ್‌ನಲ್ಲಿರುವುದು ವೈಫೈ 5. ಪಿಎಸ್5 ಪ್ರೊನಲ್ಲಿ ವೈಫೈ 7 ಇದೆ, ಆದರೆ ನಿಮ್ಮದು ಅದಲ್ಲ. ಡಬ್ಬದ ಮೇಲಿನ ಎಎಕ್ಸ್5400 ಥರದ ಸಂಖ್ಯೆಗಳಿಗೂ ಮರುಳಾಗಬೇಡಿ. ಅದು 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 4804, ಎರಡನ್ನೂ ಕೂಡಿಸಿ ದುಂಡಗೆ ಮಾಡಿದ್ದು. ಕನ್ಸೋಲ್ ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯುತ್ತದೆ. ಅದರಲ್ಲೂ ಪೂರ್ತಿ ವೇಗ ಯಾವತ್ತೂ ಸಿಗುವುದಿಲ್ಲ.

ಇನ್ನು ನಿಮ್ಮ 90, 140ರ ವಿಷಯ. ಲ್ಯಾಪ್‌ಟಾಪ್ ಯಾವ ಬ್ಯಾಂಡ್‌ನಲ್ಲಿತ್ತು? 2.4 ಆಗಿದ್ದರೆ ಆಶ್ಚರ್ಯ ಇಲ್ಲ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅಲ್ಲೇ. ಸಂಜೆ ಎಲ್ಲರೂ ಮನೆಗೆ ಬಂದಾಗ ಜಾಸ್ತಿಯಾಗುವುದೂ ಅದಕ್ಕೇ. 2.4ಕ್ಕೆ ಒಂದು ಹೆಸರು, 5ಕ್ಕೆ ಇನ್ನೊಂದು ಹೆಸರು ಇಟ್ಟು ಕನ್ಸೋಲ್‌ಗಳನ್ನು 5ಕ್ಕೆ ಮಾತ್ರ ಸೇರಿಸಿ. ಚಾನೆಲ್ ‘ಆಟೊ’ ಬಿಡಬೇಡಿ, 36ರಿಂದ 48ರೊಳಗೆ ಒಂದನ್ನು ಇಡಿ. 52ರಿಂದ 144ರವರೆಗಿನವು ರಾಡಾರ್ ಜೊತೆ ಹಂಚಿಕೊಂಡಿರುವ ಚಾನೆಲ್‌ಗಳು. ರಾಡಾರ್ ಸದ್ದು ಕೇಳಿಸಿತು ಅಂದ್ರೆ ರೂಟರ್ ಆ ಚಾನೆಲ್ ಬಿಟ್ಟು ಎದ್ದು ಹೋಗಲೇಬೇಕು. ಆಟದ ಮಧ್ಯೆ ಇದಾದರೆ ಕತೆ ಮುಗೀತು.

ಮತ್ತೆ ಆ ಕಂಪನಿ ಡಬ್ಬದ ವೈಫೈ ಈಗಲೂ ಆನ್ ಇದೆಯಾ? ಇದ್ದರೆ ಇವತ್ತೇ ಆಫ್ ಮಾಡಿ. ಪಕ್ಕಪಕ್ಕದಲ್ಲಿ ಕೂತು ಎರಡೂ ಒಂದೇ ಚಾನೆಲ್‌ನಲ್ಲಿ ಮಾತಾಡುತ್ತಿರಬಹುದು.

ಮೆಶ್ (ಮನೆಯ ಬೇರೆ ಬೇರೆ ಕಡೆ ಇಟ್ಟು ವೈಫೈ ಹರಡುವ ಪೆಟ್ಟಿಗೆಗಳು) ತಗೊಳ್ಳುವ ಯೋಚನೆ ಬಂದರೆ, ಎರಡು ಪೆಟ್ಟಿಗೆಗಳ ನಡುವೆ ಕೇಬಲ್ ಎಳೆಯಲು ಆಗುತ್ತದೆ ಅಂದರೆ ಮಾತ್ರ ತಗೊಳ್ಳಿ. ಇಲ್ಲದಿದ್ದರೆ ಪ್ರತಿ ಪ್ಯಾಕೆಟ್ಟೂ ಎರಡೆರಡು ಸಲ ಗಾಳಿಯಲ್ಲಿ ಹಾರಬೇಕು. ಸಿನಿಮಾ ನೋಡುವುದಕ್ಕೆ ಅಡ್ಡಿಯಿಲ್ಲ, ಶೂಟಿಂಗ್ ಆಟಕ್ಕೆ ಬೇಡ.

ತಂತಿವಾದಿ:
ಹೇಳಿದ ಮೇಲೆ ಹೇಳಲೇಬೇಕಲ್ಲ: ತೂತು ಬೇಕಿಲ್ಲ, ಬಾಗಿಲ ಚೌಕಟ್ಟಿನ ಅಂಚಲ್ಲೇ ಕೇಬಲ್ ಹೋಗುತ್ತದೆ. ಕ್ಯಾಟ್ 5ಇ ಸಾಕು, ಗಿಗಾಬಿಟ್‌ಗೆ 100 ಮೀಟರ್‌ವರೆಗೂ ತಡೆಯುತ್ತದೆ. ನಿಮ್ಮ ಎರಡೂ ಕನ್ಸೋಲ್‌ಗಳಲ್ಲಿ ಗಿಗಾಬಿಟ್ ಪೋರ್ಟ್ ಇದೆ. ಒಂದೇ ಎಳೆದು ಕೋಣೆಯಲ್ಲಿ ಚಿಕ್ಕ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ) ಇಟ್ಟರೆ ಇಬ್ಬರಿಗೂ ಆಯ್ತು.

ಹಳೆಪೆಟ್ಟಿಗೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು 2013ರ ಮೊದಲ ಪಿಎಸ್4. ಹೊಸ ರೂಟರ್‌ನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಬರುವುದೇ ಇಲ್ಲ. ರೂಟರ್ ಕೆಟ್ಟಿದೆಯಾ?

ಅಲೆಮಾರಿ:
ರೂಟರ್ ಸರಿಯಾಗಿದೆ. ಮೊದಲ ಪಿಎಸ್4ಗೆ 2.4 ಮಾತ್ರ ಗೊತ್ತು, 5 ಬಂದದ್ದು ಸ್ಲಿಮ್ ಮತ್ತು ಪ್ರೊನಲ್ಲಿ. ಕೇಬಲ್ ಹಾಕಿಬಿಡಿ. ಹಾಗೇ ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 ಮಾತ್ರ ಅಂತ ಇಟ್ಟಿದ್ದರೆ ಡಬ್ಲ್ಯೂಪಿಎ2 ಜೊತೆ ಬೆರೆಸಿದ ಮೋಡ್‌ಗೆ ಬದಲಿಸಿ, ಹಳೇ ಸಾಧನಗಳು ಅದರಲ್ಲಿ ಸೇರಿಕೊಳ್ಳುತ್ತವೆ. ನಿಂಟೆಂಡೊ ಸ್ವಿಚ್ ಕನ್ಸೋಲ್ ಇರುವವರಿಗೂ ಒಂದು ಮಾತು: ಮೊದಲ ಸ್ವಿಚ್‌ನ ಡಾಕ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. 2021ರ ಓಎಲ್‌ಇಡಿ ಮಾಡೆಲ್‌ನ ಡಾಕ್‌ನಲ್ಲಿದೆ.

ರಾತ್ರಿಆಟಗಾರ:
ಕಂಪನಿ ಡಬ್ಬದ ವೈಫೈ ಆನ್ ಇತ್ತು, ಆಫ್ ಮಾಡಿದೆ. ನ್ಯಾಟ್ ವಿಷಯ ಯಾರೂ ಹೇಳಲಿಲ್ಲ. ನನ್ನ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಗಿನ ಲೈನ್ ಕಡೆಯ) ವಿಳಾಸ 192.168.1.5 ಅಂತ ಇದೆ. ಇದು ಏನಾದರೂ ಸುಳಿವಾ?

ತಂತಿವಾದಿ:
ಸುಳಿವಲ್ಲ, ಉತ್ತರವೇ ಅದು. ಡಬಲ್ ನ್ಯಾಟ್. ನ್ಯಾಟ್ ಅಂದರೆ ಮನೆಯ ಎಲ್ಲ ಸಾಧನಗಳನ್ನೂ ಒಂದೇ ಹೊರಗಿನ ವಿಳಾಸದ ಹಿಂದೆ ಇಡುವುದು; ನಿಮ್ಮಲ್ಲಿ ಅದು ಎರಡು ಸಲ ನಡೆಯುತ್ತಿದೆ. ಕಂಪನಿ ಡಬ್ಬವೂ ರೂಟರ್ ಕೆಲಸ ಮಾಡುತ್ತಿದೆ, ನಿಮ್ಮದೂ ಮಾಡುತ್ತಿದೆ. ಕನ್ಸೋಲ್ ಯುಪಿಎನ್‌ಪಿ ಮೂಲಕ ಬಾಗಿಲು ತೆರೆಯಿರಿ ಅಂತ ಕೇಳಿದರೆ ನಿಮ್ಮ ರೂಟರ್ ತೆರೆಯುತ್ತದೆ, ಹೊರಗಿನ ಡಬ್ಬಕ್ಕೆ ಆ ಸುದ್ದಿಯೇ ಮುಟ್ಟುವುದಿಲ್ಲ.

ಕಂಪನಿ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಅಂದರೆ ಅದು ರೂಟರ್ ಕೆಲಸ ಬಿಟ್ಟು ಲೈನನ್ನು ಹಾಗೇ ದಾಟಿಸಲಿ. ಕೆಲವೊಮ್ಮೆ ಅವರಿಗೇ ಫೋನ್ ಮಾಡಿ ಹೇಳಬೇಕಾಗುತ್ತದೆ. ಆಗಲ್ಲ ಅಂದರೆ ಅದರ ಡಿಎಂಜೆಡ್‌ನಲ್ಲಿ (ಹೊರಗಿನಿಂದ ಬಂದದ್ದನ್ನು ಒಂದೇ ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ನಿಮ್ಮ ರೂಟರ್ ವಿಳಾಸ ಕೊಡಿ. ನಿಮ್ಮ ರೂಟರನ್ನೇ ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಪೆಟ್ಟಿಗೆ) ಮಾಡಿದರೂ ನ್ಯಾಟ್ ಸರಿಹೋಗುತ್ತದೆ, ಆದರೆ ಲೈನಿನ ಲಗಾಮು ಮತ್ತೆ ಕಂಪನಿ ಡಬ್ಬದ ಕೈಗೆ ಹೋಗುತ್ತದೆ, ಎಸ್‌ಕ್ಯೂಎಂ ಆಸೆ ಬಿಡಬೇಕು.

ಬ್ರಿಡ್ಜ್ ಆದ ಮೇಲೆ ವ್ಯಾನ್ ವಿಳಾಸ ಮತ್ತೆ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ಕಂಪನಿಯೇ ತನ್ನ ಕಡೆ ಇನ್ನೊಂದು ನ್ಯಾಟ್ ಇಟ್ಟಿದೆ ಅಂತ ಅರ್ಥ. ಅದಕ್ಕೆ ಲೋಕದ ಯಾವ ರೂಟರೂ ಮದ್ದಲ್ಲ, ಪಬ್ಲಿಕ್ ವಿಳಾಸ ಕೊಡಿ ಅಂತ ಅವರನ್ನೇ ಕೇಳಬೇಕು.

ಟೈಪ್ 2 ಬಂದರೆ ಸಾಕು, ಟೈಪ್ 1ಕ್ಕೆ ಒದ್ದಾಡಬೇಡಿ. ಎಕ್ಸ್‌ಬಾಕ್ಸ್‌ಗೆ ಮುಖ್ಯವಾದದ್ದು ಯುಡಿಪಿ 3074 ಅನ್ನುವ ಪೋರ್ಟ್ (ಡೇಟಾ ಬರುವ ಬಾಗಿಲು). ಯುಪಿಎನ್‌ಪಿ ಆನ್ ಇದ್ದರೆ ಅದೇ ತೆರೆದುಕೊಳ್ಳುತ್ತದೆ. ಮುಂದೆ ಇನ್ನೊಂದು ಎಕ್ಸ್‌ಬಾಕ್ಸ್ ಬಂದರೆ ಅದರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಬದಲಿ ಪೋರ್ಟ್ ಆರಿಸಿ. ಒಂದು ತಿಳಿದಿರಲಿ, ನ್ಯಾಟ್ ಸರಿಯಾದರೆ ಪಾರ್ಟಿ ಚಾಟ್ ಸರಿಯಾಗುತ್ತದೆ, ಲ್ಯಾಗ್ ಕಡಿಮೆಯಾಗುವುದಿಲ್ಲ.

ರಾತ್ರಿಆಟಗಾರ:
ಎಲ್ಲರಿಗೂ ಅಪ್‌ಡೇಟ್. ಹಳೇ ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಬರುವುದಿಲ್ಲ ಅಂತ ಗೊತ್ತಾಯಿತು. ಎಂಟು ಆಂಟೆನಾದ್ದು ಬಿಟ್ಟು, ಓಪನ್‌ಡಬ್ಲ್ಯೂಆರ್‌ಟಿ ಪಟ್ಟಿಯಲ್ಲಿದ್ದ ಎರಡು ಬ್ಯಾಂಡ್‌ನ ಸಾದಾ ವೈಫೈ 6 ರೂಟರ್ ತಗೊಂಡೆ. ಕೇಕ್ ಹಾಕಿ ಡೌನ್‌ಲೋಡ್ 90, ಅಪ್‌ಲೋಡ್ 18ಕ್ಕೆ ಮಿತಿ ಇಟ್ಟೆ. ಪಿಎಸ್5ಗೆ ಕೇಬಲ್ ಎಳೆದೆ. ತಮ್ಮ ನೆಟ್‌ವರ್ಕ್ ಸ್ವಿಚ್ ತರುವವರೆಗೆ ವೈಫೈನ ಚಾನೆಲ್ 36ರಲ್ಲಿದ್ದಾನೆ.

ಅಪ್ಪನ ಬ್ಯಾಕಪ್ ನಡೆಯುವಾಗಲೇ ಅಳೆದೆ: 17ರಿಂದ 20. ಮೊದಲು 300 ಇತ್ತು! ಬ್ರಿಡ್ಜ್ ಮಾಡಿಸಿದ ಮೇಲೆ ನನಗೆ ಟೈಪ್ 2, ತಮ್ಮನಿಗೆ ಓಪನ್. ಪಾರ್ಟಿಯಲ್ಲಿ ಎಲ್ಲರ ದನಿಯೂ ಕೇಳಿಸುತ್ತಿದೆ, ಕೆಲವರದು ಕೇಳಿಸದಿದ್ದರೇ ಚೆನ್ನಾಗಿತ್ತು.

ಒಂದೇ ಬಾಕಿ. ಬೇರೆ ಖಂಡದಲ್ಲಿರುವ ಗೆಳೆಯ ಹೋಸ್ಟ್ ಮಾಡಿದರೆ ಈಗಲೂ 190 ತೋರಿಸುತ್ತದೆ. ಕೇಕ್ ಸೆಟ್ಟಿಂಗ್ ಇನ್ನೂ ತಿರುಚಬೇಕಾ?

ತಂತಿವಾದಿ:
ಬೇಡ. ಅದು ದೂರದ ತಡ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ಹೋಗಿ ಬರಲು ಅದಕ್ಕೇ 100 ಮಿಲಿಸೆಕೆಂಡ್ ಬೇಕು, ಕೇಬಲ್ ನೇರ ಗೆರೆಯಲ್ಲಿ ಹೋಗುವುದೂ ಇಲ್ಲ. ಇಬ್ಬರಿಗೂ ನಡುವೆ ಬೀಳುವ ಸರ್ವರ್ ಪ್ರದೇಶ ಆರಿಸಿಕೊಳ್ಳಿ, ಸ್ವಲ್ಪ ಹಂಚಿಹೋಗುತ್ತದೆ.

ಮುಂದೆ ಇಂಟರ್ನೆಟ್ ಪ್ಲಾನ್ ಬದಲಿಸಿದರೆ ಆ 90, 18 ಎರಡನ್ನೂ ಮರೆಯದೆ ಬದಲಿಸಿ. 300ರ ಲೈನ್ ಹಾಕಿಸಿಕೊಂಡು 90ರ ಮಿತಿ ಹಾಗೇ ಬಿಟ್ಟು, ಕಂಪನಿಗೆ ಫೋನ್ ಮಾಡಿ ಜಗಳ ಆಡುವವರು ಇಲ್ಲಿಗೆ ಆಗಾಗ ಬರುತ್ತಿರುತ್ತಾರೆ.